ಸೋದರತ್ತೆ, ಸೋದರಳಿಯ ಮತ್ತು ಸುಳ್ಳು ಮೊಹರು

ನಡುಮನೆಯಲ್ಲಿ ಗೋಡೆ ಎದ್ದು ಒಂದು ಮನೆ ಎರಡಾದ ಮೇಲೂ ಮುಗಿಯದ ಪಾಲಿನ ಜಗಳಗಳನ್ನು ನಾವೆಲ್ಲ ನೋಡಿದ್ದೇವೆ. ಸೋದರತ್ತೆ ತೀರಿಕೊಂಡರೆ ಮಣ್ಣಿಗೆ ಹೋಗದ ಅಳಿಯ, ಅಳಿಯನ ಮನೆಯ ಮದುವೆಗೆ ಕರೆಯೋಲೆಯೇ ಬರದ ಅತ್ತೆ. ಫ್ರೆಂಚ್ ಕಾದಂಬರಿಕಾರ ಮೋರಿಸ್ ಡ್ರುಅನ್ ಇಂಥದೇ ಒಂದು ಜಗಳವನ್ನು ಬೆನ್ನೆಲುಬಾಗಿ ಇಟ್ಟುಕೊಂಡು ದೊಡ್ಡದೊಂದು ಕಾದಂಬರಿ ಮಾಲೆ ಕಟ್ಟಿದ. ಅಲ್ಲಿ ಪಾಲಿಗೆ ಬಿದ್ದದ್ದು ಮನೆಯಲ್ಲ, ಉತ್ತರ ಫ್ರಾನ್ಸಿನ ಆರ್ತ್ವಾ ಎಂಬ ಸಮೃದ್ಧ ಸೀಮೆ. ಜಗಳ ಮುಗಿಯುವಷ್ಟರಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡ್ ನೂರು ವರ್ಷದ ಯುದ್ಧಕ್ಕೆ ಇಳಿದಿದ್ದವು.

'ಶಾಪಗ್ರಸ್ತ ರಾಜರು' ಎಂದು ಕನ್ನಡದಲ್ಲಿ ಹೇಳಬಹುದಾದ ಈ ಮಾಲೆಯ ಮೊದಲ ಆರು ಸಂಪುಟಗಳು 1955 ಮತ್ತು 1960ರ ನಡುವೆ ಬಂದವು, ಏಳನೆಯದು 1977ರಲ್ಲಿ. 1918ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಡ್ರುಅನ್ ಯುದ್ಧಕಾಲದಲ್ಲಿ ನಾಜಿಗಳ ವಿರುದ್ಧ ಹಾಡು ಕಟ್ಟಿದವನು, ಆಮೇಲೆ ಫ್ರೆಂಚ್ ಅಕಾಡೆಮಿಯ ಸದಸ್ಯ, 1973ರಲ್ಲಿ ಸಂಸ್ಕೃತಿ ಮಂತ್ರಿ. ಈ ಕಾದಂಬರಿಗಳಿಗೆ ಸಾಮಗ್ರಿ ಒದಗಿಸಿ ನೆರವಾದ ಸಹಾಯಕರ ತಂಡವೊಂದಿತ್ತು ಎಂಬುದನ್ನು ಅವನು ಮುಚ್ಚಿಟ್ಟವನಲ್ಲ. ಅಮೆರಿಕದ ಜಾರ್ಜ್ ಮಾರ್ಟಿನ್ ತನ್ನ 'ಗೇಮ್ ಆಫ್ ಥ್ರೋನ್ಸ್' ಕಥೆಗೆ ಇದೇ ಮೂಲ ಪ್ರೇರಣೆ ಎಂಬರ್ಥದ ಮಾತಾಡಿದ ಮೇಲೆ, 2013ರಿಂದ ಇಂಗ್ಲಿಷ್ ಅನುವಾದಗಳು ಮತ್ತೆ ಅಂಗಡಿಗೆ ಬಂದವು. ಹೊಸ ಓದುಗರು ವಿಷ, ಕತ್ತಿ, ಹಾದರಗಳಿಗಾಗಿ ಇವನ್ನು ಓದುತ್ತಾರೆ. ಅದಕ್ಕೇನೂ ಕೊರತೆಯಿಲ್ಲ. ಆದರೆ ನಮ್ಮ ಮಟ್ಟಿಗೆ ಈ ಮಾಲೆಯ ಜೀವ ಇರುವುದು ಕೆಲವು ಕಾಗದಪತ್ರಗಳಲ್ಲಿ.

ಮನೆತನದ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಡ್ರುಅನ್ ಅದನ್ನು ಮುಂದಿನಿಂದ ಹೇಳುತ್ತಾನೆ. 1237ರಲ್ಲಿ ಫ್ರಾನ್ಸಿನ ದೊರೆ ಒಂಬತ್ತನೇ ಲೂಯಿ ತನ್ನ ತಮ್ಮ ಒಂದನೇ ರೋಬೇರನಿಗೆ ಆರ್ತ್ವಾ ಸೀಮೆಯನ್ನು ಜಹಗೀರಾಗಿ ಕೊಟ್ಟ. ಅಣ್ಣನ ಜೊತೆ ಶಿಲುಬೆ ಯುದ್ಧಕ್ಕೆ ಈಜಿಪ್ಟಿಗೆ ಹೋದ ಈ ತಮ್ಮ, 1250ರ ಫೆಬ್ರವರಿಯಲ್ಲಿ, ನಿಲ್ಲು ಎಂದವರ ಮಾತು ಕೇಳದೆ ಮನ್ಸೂರಾ ಪಟ್ಟಣದೊಳಕ್ಕೆ ಕುದುರೆ ನುಗ್ಗಿಸಿದ. ಇಕ್ಕಟ್ಟಾದ ಬೀದಿಗಳಲ್ಲಿ ಮಮ್ಲೂಕ್ ಸೈನಿಕರು ಅವನನ್ನೂ ಅವನ ಬೆನ್ನ ಹಿಂದೆ ಬಂದವರನ್ನೂ ಮುಗಿಸಿದರು. ಸ್ವತಃ ಲೂಯಿ ಏಪ್ರಿಲ್‌ನಲ್ಲಿ ಸೆರೆಸಿಕ್ಕ. ಅವನ ಬಿಡುಗಡೆಯಾದ ಮೇ ತಿಂಗಳಿನಲ್ಲೇ ಕೈರೋದಲ್ಲಿ ಶಜರತುದ್ದುರ್ ಎಂಬ ಹೆಂಗಸು ಸುಲ್ತಾನಳಾಗಿ ಪಟ್ಟಕ್ಕೆ ಬಂದಳು. ಆಕೆಯ ಹೆಸರಿನಲ್ಲಿ ಖುತ್ಬಾ ಓದಿಸಲಾಯಿತು. ಆಳ್ವಿಕೆ ಮೂರು ತಿಂಗಳು ತುಂಬಲಿಲ್ಲ. ಹೆಂಗಸಿಗೆ ಗದ್ದುಗೆ ಸಲ್ಲದು ಎನ್ನುವವರು ಸಮುದ್ರದ ಎರಡೂ ದಡದಲ್ಲಿದ್ದರು.

ಮನ್ಸೂರಾದಲ್ಲಿ ಸತ್ತವನ ಮಗ ಎರಡನೇ ರೋಬೇರ್ ತಂದೆ ಸತ್ತ ಮೇಲೆ ಹುಟ್ಟಿದವನು. ಅವನಿಗೂ ಅದೇ ರಕ್ತ. 1302ರ ಜುಲೈಯಲ್ಲಿ ಕೂರ್ತ್ರೇ ಎಂಬಲ್ಲಿ ಫ್ಲಾಂಡರ್ಸ್ ಸೀಮೆಯ ನೇಕಾರರು, ಕುಶಲಕರ್ಮಿಗಳು ಈಟಿ ಹಿಡಿದು ನೆಲದ ಮೇಲೆ ನಿಂತಿದ್ದಾಗ, ಕಾಲಾಳುಗಳೆಂದು ತಾತ್ಸಾರ ಮಾಡಿ ಕಾಲುವೆಗಳ ಕೆಸರಿನಲ್ಲಿ ಕುದುರೆ ಬಿಟ್ಟು ಸತ್ತ. ಸತ್ತ ಸರದಾರರ ಚಿನ್ನದ ಮುಳ್ಳುಕಡಗಗಳನ್ನು ನೇಕಾರರು ಆರಿಸಿಕೊಂಡು ಹೋಗಿ ಚರ್ಚಿನಲ್ಲಿ ತೂಗುಹಾಕಿದರು. ಎರಡನೇ ರೋಬೇರನ ಮಗ ಫಿಲಿಪ್ ಅದಕ್ಕೂ ಮೊದಲೇ, 1298ರಲ್ಲಿ, ಯುದ್ಧದ ಗಾಯದಿಂದ ತೀರಿಕೊಂಡಿದ್ದ. ಉಳಿದವರು ಮಗಳು ಮಾಹೋ ಮತ್ತು ಮೊಮ್ಮಗ, ಹದಿನೈದು ವರ್ಷದ ಮೂರನೇ ರೋಬೇರ್. ವ್ಯಾಜ್ಯ ಹುಟ್ಟಿದ್ದು ಇಲ್ಲಿ.

ಆರ್ತ್ವಾದ ಪದ್ಧತಿಯಲ್ಲಿ, ತಂದೆ ತನ್ನ ತಂದೆಗಿಂತ ಮುಂಚೆ ಸತ್ತರೆ ಮೊಮ್ಮಗ ಆ ಜಾಗದಲ್ಲಿ ನಿಲ್ಲುವಂತಿರಲಿಲ್ಲ. ಬದುಕಿರುವ ಮಗಳು ಸತ್ತ ಮಗನ ಮಗನಿಗಿಂತ ಹತ್ತಿರದವಳು. ಹೀಗೆ ಸೀಮೆ ಮಾಹೋಳಿಗೆ ಹೋಯಿತು. ರೋಬೇರ್ ದೊಡ್ಡವನಾಗಿ ದಾವೆ ಹೂಡಿದ. 1309ರಲ್ಲಿ ದೊರೆ ನಾಲ್ಕನೇ ಫಿಲಿಪ್ ಮಾಹೋಳ ಪರವಾಗಿ ತೀರ್ಪು ಕೊಟ್ಟ. 1316ರಲ್ಲಿ ರೋಬೇರ್ ಆರ್ತ್ವಾದ ಅತೃಪ್ತ ಸರದಾರರ ಜೊತೆ ಸೇರಿ ದಂಗೆ ಎದ್ದ. 1318ರಲ್ಲಿ ಮತ್ತೆ ತೀರ್ಪು, ಮತ್ತೆ ಸೋಲು. ದೊರೆಗಳಿಗೂ ಇದರಲ್ಲಿ ಆಸಕ್ತಿ ಇತ್ತೆಂಬುದನ್ನು ಮರೆಯಬಾರದು. ಮಾಹೋಳ ಹೆಣ್ಣುಮಕ್ಕಳಿಬ್ಬರೂ ರಾಜಕುಮಾರರ ಹೆಂಡತಿಯರು: ಝಾನ್ ಎರಡನೆಯವನಿಗೆ, ಬ್ಲಾಂಶ್ ಮೂರನೆಯವನಿಗೆ. ಅತ್ತೆಯ ಆಸ್ತಿ ಎಂದರೆ ನಾಳೆ ಸೊಸೆಯ ಆಸ್ತಿ.

ಈ ಪುಟಗಳನ್ನು ಓದುವಾಗ ಮದರಸಾದಲ್ಲಿ ಫರಾಯಿಜ್ ಲೆಕ್ಕ ಕಲಿತ ಯಾರ ಬೆರಳೂ ತಾನಾಗಿ ಎಣಿಸಲು ತೊಡಗುತ್ತದೆ. ನಾವೂ ಎಣಿಸಿದೆವು. ಇದು ನಮ್ಮ ಕಾನೂನಿನ ಕೆಳಗೆ ಬಂದ ಸಾಮಾನ್ಯ ಆಸ್ತಿಯಾಗಿದ್ದರೆ ಒಬ್ಬಳೇ ಮಗಳಾದ ಮಾಹೋಳಿಗೆ ಅರ್ಧ; ಬದುಕಿದ್ದ ವಿಧವೆಗೆ ಎಂಟರಲ್ಲೊಂದು; ಉಳಿದದ್ದು ರೋಬೇರ್ ಮತ್ತು ಅವನ ಅಕ್ಕತಂಗಿಯರಿಗೆ, ಅವನಿಗೆ ಎರಡು ಪಾಲು, ಅವರಿಗೆ ಒಂದೊಂದು. ಯಾರೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಆದರೆ ಮಾಹೋ ಹೆಣ್ಣಾಗಿರದೆ ಗಂಡಾಗಿದ್ದರೆ, ಅಂದರೆ ರೋಬೇರನಿಗೆ ಚಿಕ್ಕಪ್ಪನಿದ್ದರೆ, ರೋಬೇರ್ 'ಮಹಜೂಬ್' ಆಗುತ್ತಿದ್ದ. ಆರ್ತ್ವಾದ ಪದ್ಧತಿಯಂತೆಯೇ ನಮ್ಮಲ್ಲೂ ಅವನಿಗೆ ಏನೂ ಇಲ್ಲ. ತಂದೆ ಸತ್ತ ಮೊಮ್ಮಕ್ಕಳ ಈ ಪ್ರಶ್ನೆಯನ್ನು ಈಜಿಪ್ಟ್ 1946ರಲ್ಲಿ ಕಡ್ಡಾಯ ವಸಿಯತ್ತಿನ ಮೂಲಕ, ಪಾಕಿಸ್ತಾನ 1961ರಲ್ಲಿ ತಂದೆಯ ಪಾಲನ್ನೇ ಮಕ್ಕಳಿಗೆ ಕೊಡಿಸುವ ಮೂಲಕ ಬಗೆಹರಿಸಲು ನೋಡಿದವು. ನಮ್ಮ ದೇಶದಲ್ಲಿ ಅಜ್ಜ ತನ್ನ ಮೂರನೇ ಒಂದು ಭಾಗದೊಳಗೆ ವಸಿಯತ್ ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಎಷ್ಟು ಅಜ್ಜಂದಿರು ಬರೆದಿಡುತ್ತಾರೆ? ಇನ್ನು ಹೆಣ್ಣುಮಕ್ಕಳಿಗೆ ಕಿತಾಬಿನಲ್ಲಿರುವ ಪಾಲು ಹೊಲದ ಪಹಣಿಯಲ್ಲಿ ಕಾಣುವುದೇ ಅಪರೂಪ. ಈದ್‌ಗೆ ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಹೆಬ್ಬೆಟ್ಟು ಹಾಕಿಸಿಕೊಂಡವರು ಮಸೀದಿಯ ಮೊದಲ ಸಾಲಿನಲ್ಲೇ ಇದ್ದಾರೆ.

ಈ ಹೋಲಿಕೆಯನ್ನು ತುಂಬ ಎಳೆಯಲು ಬರುವುದಿಲ್ಲ. ಸೀಮೆ ಎಂಬುದು ಹೊಲದಂತೆ ತುಂಡಾಗುವ ವಸ್ತುವಲ್ಲ. ಅದಕ್ಕೆ ಅಂಟಿಕೊಂಡ ಅಧಿಕಾರ, ದೊರೆಯ ಪಟ್ಟಾಭಿಷೇಕದಲ್ಲಿ ನಿಲ್ಲುವ ಸ್ಥಾನ ಒಬ್ಬರಿಗೇ ಸಲ್ಲಬೇಕು. ನಮ್ಮ ಬಾದಶಹರೂ ಗದ್ದುಗೆಯನ್ನು ಫರಾಯಿಜ್ ಪ್ರಕಾರ ಹಂಚಿಕೊಂಡವರಲ್ಲ. ಅಣ್ಣತಮ್ಮಂದಿರನ್ನು ಮುಗಿಸಿ ಹಂಚಿಕೆಯ ತೊಂದರೆಯನ್ನೇ ಮುಗಿಸಿದರು.

ಈಗ ಇದೇ ಕಥೆಯ ಇನ್ನೊಂದು ಮುಖ. 1316ರ ಜೂನ್‌ನಲ್ಲಿ ದೊರೆ ಹತ್ತನೇ ಲೂಯಿ ಸತ್ತ. ನವೆಂಬರ್‌ನಲ್ಲಿ ಹುಟ್ಟಿದ ಅವನ ಗಂಡುಮಗು ಐದು ದಿನ ಬದುಕಿತು. ಉಳಿದವಳು ಮೊದಲ ಹೆಂಡತಿಯ ಮಗಳು, ಇನ್ನೂ ಎಳೆಯ ಹುಡುಗಿ. ಆರ್ತ್ವಾದ ಲೆಕ್ಕದಲ್ಲಿ ನೋಡಿದರೆ ಮಗಳು ಹತ್ತಿರದವಳು. ಆದರೆ ಹುಡುಗಿಯ ಚಿಕ್ಕಪ್ಪ, ಮಾಹೋಳ ಅಳಿಯ, ಐದನೇ ಫಿಲಿಪ್ ಎಂಬ ಹೆಸರಿನಲ್ಲಿ ಕಿರೀಟ ತಲೆಗಿಟ್ಟುಕೊಂಡ. 1317ರ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಭೆ ಹೆಣ್ಣು ಫ್ರಾನ್ಸಿನ ಗದ್ದುಗೆಗೆ ಬರಲಾರಳು ಎಂದು ಹೇಳಿತು. ಶತಮಾನಗಳ ಹಿಂದಿನ 'ಸಾಲಿಕ್ ಕಾನೂನು' ಇದಕ್ಕೆ ಆಧಾರ ಎಂಬುದು ದಶಕಗಳ ನಂತರ ಹುಡುಕಿ ಹೊಲಿದ ಅಂಗಿ. ರ‍್ಯಾನ್ಸ್ ಪಟ್ಟಣದ ಪಟ್ಟಾಭಿಷೇಕದಲ್ಲಿ ಆರ್ತ್ವಾದ ಒಡತಿಯಾಗಿ ಮಾಹೋಳೂ ಇತರ ಸಾಮಂತರೊಡನೆ ಅಳಿಯನ ಕಿರೀಟಕ್ಕೆ ಕೈಯೊಡ್ಡಿದಳು. ಹೆಂಗಸಿನ ಕೈ ಕಿರೀಟಕ್ಕೆ ತಾಗಿದ್ದು ಹಲವರ ಕಣ್ಣು ಕೆಂಪಾಗಿಸಿತು. ಹೆಣ್ಣೆಂಬ ಕಾರಣಕ್ಕೆ ಒಬ್ಬ ಹುಡುಗಿಯನ್ನು ದೂರವಿಟ್ಟ ಕಿರೀಟವನ್ನು, ಹೆಣ್ಣಾದರೂ ವಾರಸುದಾರಳಾದ ಮಾಹೋ ಹಿಡಿದು ನಿಂತಿದ್ದಳು. ಐದು ವರ್ಷ ಕಳೆದು 1322ರಲ್ಲಿ ಫಿಲಿಪ್ ಗಂಡುಮಕ್ಕಳಿಲ್ಲದೆ ಸತ್ತಾಗ ಅದೇ ನಿಯಮ ಮಾಹೋಳ ಸ್ವಂತ ಮೊಮ್ಮಕ್ಕಳನ್ನು ಹೊರಗಿಟ್ಟಿತು. ಪಟ್ಟ ತಮ್ಮ ಚಾರ್ಲ್ಸನಿಗೆ ಹೋಯಿತು.

ನಾಲ್ಕನೇ ಸಂಪುಟಕ್ಕೆ ಡ್ರುಅನ್ 'ಗಂಡಸರ ಕಾನೂನು' ಎಂಬರ್ಥದ ಹೆಸರು ಕೊಟ್ಟಿದ್ದಾನೆ. ಸಭೆಗಳು, ಗುಸುಗುಸು, ಯಾರ ಓಟು ಯಾವ ಬೆಲೆಗೆ ಎಂಬ ಚೌಕಾಸಿ, ಇವನ್ನು ಅವನಷ್ಟು ಚೆನ್ನಾಗಿ ಬರೆದವರು ಕಡಿಮೆ. ಕಾನೂನು ಎಂಬುದು ಬಲವುಳ್ಳವರು ಊಟದ ಮೇಜಿನಲ್ಲಿ ಕೂತು ಮಾಡಿಕೊಂಡ ಒಪ್ಪಂದ ಎಂದು ತಿಳಿದವನ ಕೈ ಅದು.

ಆದರೆ ಡ್ರುಅನ್ ನ್ಯಾಯಾಧೀಶನಾಗಿ ಕೂರಲಾರದವನು. ಅವನು ರೋಬೇರನ ವಕೀಲ. ಕೆಂಪು ಬಟ್ಟೆಯ ದೈತ್ಯ, ನಕ್ಕರೆ ಮನೆ ನಡುಗುವವನು, ತಿನ್ನುವುದರಲ್ಲೂ ದ್ವೇಷಿಸುವುದರಲ್ಲೂ ಮಿತಿಯಿಲ್ಲದವನು. ಮೊದಲ ಸಂಪುಟ ತೆರೆಯುವುದೇ ಅವನು ಇಂಗ್ಲೆಂಡಿಗೆ ಹೋಗಿ, ರಾಣಿ ಇಸಾಬೆಲ್ಲಾಳ ಕಿವಿಯಲ್ಲಿ ಅವಳ ಅಣ್ಣತಮ್ಮಂದಿರ ಹೆಂಡತಿಯರ ಹಾದರದ ಸುದ್ದಿ ಊದುವುದರಿಂದ. 1314ರಲ್ಲಿ ನಿಜವಾಗಿಯೂ ಹೊರಬಿದ್ದ ಆ ಹಗರಣದಲ್ಲಿ ಪ್ರಿಯಕರರಾದ ಇಬ್ಬರು ಸರದಾರರು ಚಿತ್ರಹಿಂಸೆಯಲ್ಲಿ ಸತ್ತರು, ಮಾಹೋಳ ಮಗಳು ಬ್ಲಾಂಶ್ ಸೆರೆಮನೆ ಸೇರಿದಳು. ಝಾನ್ ಮಾತ್ರ ನಿರ್ದೋಷಿಯಾಗಿ ಹೊರಬಂದಳು. ಇಷ್ಟು ಕೇಡು ಮಾಡಿದವನನ್ನೂ ನಾವು ಪುಟ ತಿರುವಿದಂತೆ ಇಷ್ಟಪಡತೊಡಗುತ್ತೇವೆ. ಆರನೇ ಸಂಪುಟದಲ್ಲಿ ರೋಬೇರ್ ಸತ್ತಾಗ ಲೇಖಕ ಪರದೆ ಸರಿಸಿ ಹೊರಬಂದು, ಆರು ವರ್ಷ ಜೊತೆಗೆ ಬಾಳಿದ ತನ್ನ ಮೆಚ್ಚಿನ ಪಾತ್ರವನ್ನು ಇತಿಹಾಸದ ಒತ್ತಾಯಕ್ಕೆ ಕೊಲ್ಲಬೇಕಾಯಿತೆಂದು ದುಃಖ ತೋಡಿಕೊಳ್ಳುತ್ತಾನೆ. ಕಥೆಗಾರರಾದ ನಮಗೆ ಆ ದುಃಖ ಅರ್ಥವಾಗುತ್ತದೆ. ಆ ಪ್ರೀತಿಯ ಖರ್ಚನ್ನು ತೆತ್ತವಳು ಮಾತ್ರ ಮಾಹೋ.

ಕಾದಂಬರಿಯಲ್ಲಿ ಅವಳು ವಿಷದ ಬೊಟ್ಟಲು. ಹತ್ತನೇ ಲೂಯಿಯನ್ನು ಕೊಂದವಳು ಅವಳೇ. ಎಳೆಯ ಕೂಸನ್ನು ಸರದಾರರಿಗೆ ಎತ್ತಿ ತೋರಿಸುತ್ತಲೇ ಅದರ ತುಟಿಗೆ ವಿಷದ ಕರವಸ್ತ್ರ ಸೋಕಿಸುವವಳೂ ಅವಳೇ. ದೃಶ್ಯ ಮರೆಯಲಾಗದ್ದು, ಒಪ್ಪುತ್ತೇವೆ. ಚರಿತ್ರೆಯಲ್ಲಿ ಇರುವುದು ಇಷ್ಟು: ಲೂಯಿಗೆ ವಿಷ ಹಾಕಿದಳೆಂಬ ಆರೋಪ ಅವಳ ಮೇಲೆ ಬಂತು, ವಿಚಾರಣೆಯಾಯಿತು, 1317ರಲ್ಲಿ ಅವಳು ನಿರ್ದೋಷಿ ಎಂದಾಯಿತು. ಲೂಯಿ ಚೆಂಡಾಟದಲ್ಲಿ ಬೆವರಿ, ತಣ್ಣನೆಯ ದ್ರಾಕ್ಷಾರಸ ಕುಡಿದು ಕಾಯಿಲೆ ಬಿದ್ದ ಎನ್ನುವುದು ಇನ್ನೊಂದು ವರದಿ. ತೀರ್ಪು ಬಂದಾಗ ಗದ್ದುಗೆಯ ಮೇಲಿದ್ದವನು ಅವಳ ಅಳಿಯನೇ ಆದ್ದರಿಂದ ಅನುಮಾನ ಉಳಿದುಕೊಳ್ಳುತ್ತದೆ. ಕಾದಂಬರಿಕಾರನಿಗೆ ಅನುಮಾನದ ಕಡೆ ವಾಲುವ ಹಕ್ಕಿದೆ. ನಮ್ಮ ತಕರಾರು ಬೇರೆ. ಈ ಮಾಲೆಯಲ್ಲಿ ಗಂಡಸರ ಕೈಗೆ ಅಧಿಕಾರ ಬಂದರೆ ಕತ್ತಿ, ಕಾನೂನು, ಮುತ್ಸದ್ದಿತನ ಏನೇನೋ ಬರುತ್ತದೆ. ಹೆಂಗಸಿನ ಕೈಗೆ ಬಂದರೆ ಒಂದೋ ವಿಷ, ಒಂದೋ ಹಾಸಿಗೆ.

ಮಾಹೋಳ ಸೀಮೆಯ ಲೆಕ್ಕಪತ್ರಗಳು ಆರಾಸ್ ಪಟ್ಟಣದ ದಫ್ತರದಲ್ಲಿ ಉಳಿದಿವೆ. 1887ರಲ್ಲೇ ಜೂಲ್-ಮರೀ ರಿಶಾರ್ ಎಂಬ ವಿದ್ವಾಂಸ ಅವನ್ನು ಆಧರಿಸಿ ಅವಳ ಮೇಲೊಂದು ಪುಸ್ತಕ ಬರೆದ. ಅಲ್ಲಿ ಕಾಣುವವಳು ಪುಸ್ತಕ ಕೊಂಡವಳು, ಚಿತ್ರಕಾರರಿಗೆ ಕೆಲಸ ಕೊಟ್ಟವಳು, ಆಸ್ಪತ್ರೆ ಕಟ್ಟಿಸಿದವಳು, ಬಡವರಿಗೆ ಹಂಚಿದ ಬಟ್ಟೆಗೂ ಲೆಕ್ಕ ಇಡಿಸಿದವಳು. ಅವಳ ತಂದೆ ಎಸ್ದೇನ್ ಎಂಬಲ್ಲಿ ಮಾಡಿಸಿದ ಉದ್ಯಾನದಲ್ಲಿ ತಾವಾಗಿ ಆಡುವ ಯಂತ್ರದ ಕೋತಿಗಳಿದ್ದವು. ಅರಬರ ಯಂತ್ರವಿದ್ಯೆಯ ಗಾಳಿ ಸಿಸಿಲಿಯ ಮೂಲಕ ಅಲ್ಲಿಗೆ ಬೀಸಿರಬಹುದು ಎಂದು ಊಹಿಸುವವರಿದ್ದಾರೆ. ಆ ಕೋತಿಗಳ ದುರಸ್ತಿಯ ಖರ್ಚನ್ನೂ ಮಾಹೋ ನೋಡಿಕೊಂಡಳು. ಇಂಥ ಹೆಂಗಸು ವಿಷ ಹಾಕಲಾರಳು ಎಂದು ನಾವು ಹೇಳುತ್ತಿಲ್ಲ. ಇಪ್ಪತ್ತೇಳು ವರ್ಷ ಒಂದು ಸೀಮೆಯನ್ನು ಆಳಿದವಳಿಗೆ ವಿಷ ಅರೆಯುವುದರಾಚೆ ಕೆಲಸವಿತ್ತು ಎಂದಷ್ಟೇ.

ಒಂದು ವಿಷಯದಲ್ಲಿ ಡ್ರುಅನ್ನನಿಗೆ ಸಲಾಮು ಹೇಳಲೇಬೇಕು. ಉರ್ದು ಓದುಗರಾದ ನಮಗೆ ಐತಿಹಾಸಿಕ ಕಾದಂಬರಿ ಎಂದರೆ ಮೊದಲು ನೆನಪಾಗುವುದು ಅಬ್ದುಲ್ ಹಲೀಮ್ ಶರರ್, ಆಮೇಲೆ ನಸೀಮ್ ಹಿಜಾಝಿ. ವಾಲ್ಟರ್ ಸ್ಕಾಟನ ಶಿಲುಬೆ ಯುದ್ಧದ ಕಾದಂಬರಿಗೆ ಉತ್ತರವಾಗಿ ಶರರ್ 1888ರಲ್ಲಿ 'ಮಲಿಕುಲ್ ಅಝೀಝ್ ವರ್ಜಿನಾ' ಬರೆದರು. ಎದುರಾಳಿ ನಮ್ಮವರನ್ನು ಕಪ್ಪು ಮಾಡಿದ್ದಕ್ಕೆ ನಾವು ಬೆಳ್ಳಗೆ ಮಾಡಿ ತೋರಿಸುವ ಆ ಹಟ ಅರ್ಥವಾಗುವಂಥದೇ. ಆದರೆ ಅದರಲ್ಲಿ ನಮ್ಮ ಸುಲ್ತಾನರ ಅಡುಗೆಮನೆಯ ವಾಸನೆ ಬರುವುದೇ ಇಲ್ಲ. ಕನ್ನಡದಲ್ಲಿ ತ.ರಾ.ಸು. ಚಿತ್ರದುರ್ಗದ ಅರಮನೆಯ ಪಟ್ಟದ ಪಿತೂರಿಗಳನ್ನು 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ'ಗಳಲ್ಲಿ ಬರೆದಾಗ ಆ ವಾಸನೆ ಬಂದಿತ್ತು. ಡ್ರುಅನ್ ತನ್ನ ದೇಶದ ದೊರೆಗಳನ್ನು ಹೆಮ್ಮೆಯ ವಿಗ್ರಹ ಮಾಡಲಿಲ್ಲ. ಸಂತನೆಂದು ಪೂಜೆಗೊಂಡ ಒಂಬತ್ತನೇ ಲೂಯಿಯ ಮರಿಮಕ್ಕಳು ಸಾಲಗಾರರು, ಹೇಡಿಗಳು, ಅನುಮಾನದ ಪಿಶಾಚಿಗಳು. ಅವರಿಗೆ ಸಾಲ ಕೊಟ್ಟು ಕುಣಿಸುವ ಇಟಲಿಯ ಸಾಹುಕಾರ ತೊಲೊಮೇಯಿಯ ಅಂಗಡಿ, ನಮ್ಮ ಪ್ರಕಾರ, ಅರಮನೆಗಿಂತ ಹೆಚ್ಚು ನಂಬುವಂತಿದೆ.

ಇಷ್ಟೆಲ್ಲ ತಿಳಿದವನು ಶಾಪಕ್ಕೆ ಏಕೆ ಜೋತುಬಿದ್ದ? 1314ರ ಮಾರ್ಚ್‌ನಲ್ಲಿ ಟೆಂಪ್ಲರ್ ಪಂಥದ ಗುರು ಝಾಕ್ ದ ಮೊಲೇಯನ್ನು ನಾಲ್ಕನೇ ಫಿಲಿಪ್ ಸುಡಿಸಿದ. ಬೆಂಕಿಯೊಳಗಿಂದ ಅವನು ದೊರೆಯ ವಂಶವನ್ನು ಹದಿಮೂರು ತಲೆಮಾರು ಶಪಿಸಿದ ಎಂದು ಕಾದಂಬರಿ. ಆ ಶಾಪದ ಮಾತುಗಳಿಗೆ ಈ ರೂಪ ಬಂದದ್ದು ಬಹಳ ಕಾಲದ ನಂತರ ಕಥೆ ಹೇಳುವವರ ಬಾಯಲ್ಲಿ. ಏಳು ಸಂಪುಟಗಳನ್ನು ಒಂದೇ ದಾರದಲ್ಲಿ ಪೋಣಿಸಲು ಅದು ಅನುಕೂಲ, ನಿಜ. ಆದರೆ ಶಾಪ ಬಂದರೆ ಯಾರ ಮೇಲೂ ಹೊಣೆ ಉಳಿಯುವುದಿಲ್ಲ. ದೊರೆ ಮಗು ಸತ್ತದ್ದೂ ಶಾಪ, ಹುಡುಗಿಯ ಹಕ್ಕು ಕಿತ್ತದ್ದೂ ಶಾಪ, ಯುದ್ಧವೂ ಶಾಪ. ಪುಟಪುಟದಲ್ಲಿ ಮನುಷ್ಯರ ಲೆಕ್ಕಾಚಾರವನ್ನು ಬಿಡಿಸಿ ತೋರಿಸಿದ ಲೇಖಕನೇ ಮೇಲಿನಿಂದ ಕರಿ ಚಾದರ ಹೊದಿಸಿದಂತಾಯಿತು.

ಶಾಪದ ಹಂಗಿಲ್ಲದೆ ಕಥೆ ತನ್ನ ಕಾಲ ಮೇಲೆ ನಿಲ್ಲುವುದು ಆರನೇ ಸಂಪುಟದಲ್ಲಿ. 1328ರಲ್ಲಿ ಪಟ್ಟಕ್ಕೆ ಬಂದ ಆರನೇ ಫಿಲಿಪ್ ರೋಬೇರನ ಹೆಂಡತಿಯ ಅಣ್ಣ. ಅವನನ್ನು ಗದ್ದುಗೆಗೆ ಏರಿಸಲು ರೋಬೇರ್ ತುಂಬ ಓಡಾಡಿದ್ದ. ಈಗ ಬಾವನಾದರೂ ನ್ಯಾಯ ಕೊಡಿಸಿಯಾನೆಂದು ವ್ಯಾಜ್ಯ ಮತ್ತೆ ತೆರೆಸಿದ. ಅಜ್ಜ ಆರ್ತ್ವಾವನ್ನು ತನ್ನ ತಂದೆಗೇ ಬರೆದುಕೊಟ್ಟಿದ್ದನೆಂದು ಪತ್ರಗಳನ್ನು ಹಾಜರುಪಡಿಸಿದ. ದಿವ್ಯೋಂ ಎಂಬ ಹೆಂಗಸು ಹಳೆಯ ದಸ್ತಾವೇಜುಗಳಿಂದ ಮೊಹರುಗಳನ್ನು ಬಿಡಿಸಿ ಹೊಸದಾಗಿ ಬರೆಸಿದ ಕಾಗದಗಳಿಗೆ ಅಂಟಿಸಿದ್ದಳು. ಮಾಹೋ 1329ರ ನವೆಂಬರ್‌ನಲ್ಲಿ, ಮಗಳು ಝಾನ್ ಎರಡೇ ತಿಂಗಳ ಬಳಿಕ ತೀರಿಕೊಂಡರು. ಕಾದಂಬರಿ ಅಲ್ಲೂ ವಿಷವನ್ನೇ ತರುತ್ತದೆ. ಪತ್ರಗಳು ಸುಳ್ಳೆಂದು ಬಯಲಾಯಿತು. 1332ರಲ್ಲಿ ರೋಬೇರನಿಗೆ ಗಡೀಪಾರು. ಸೀಮೆ ಮಾಹೋಳ ಮೊಮ್ಮಗಳ ಕೈ ಸೇರಿತು. ರೋಬೇರನ ಕಡೆ ನ್ಯಾಯವಿತ್ತೋ ಇಲ್ಲವೋ, ಸುಳ್ಳು ಮೊಹರು ಒತ್ತಿದ ದಿನ ಅದನ್ನು ಕೇಳುವ ದಾರಿಯನ್ನು ಅವನೇ ಮುಚ್ಚಿದ. ಇಂಗ್ಲೆಂಡಿಗೆ ಓಡಿಹೋಗಿ ಮೂರನೇ ಎಡ್ವರ್ಡನ ಆಶ್ರಯ ಪಡೆದ. 1337ರ ಮೇ ತಿಂಗಳಲ್ಲಿ ಫಿಲಿಪ್, ತನ್ನ ಶತ್ರುವಿಗೆ ಎಡ್ವರ್ಡ್ ಮನೆ ಕೊಟ್ಟನೆಂದು ಕಾರಣ ಹೇಳಿ, ಅವನ ಗಿಯೆನ್ ಸೀಮೆಯನ್ನು ಜಪ್ತಿ ಮಾಡಿದ. ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು: ಉಣ್ಣೆಯ ವ್ಯಾಪಾರ, ಸ್ಕಾಟ್ಲೆಂಡ್, ಕಿರೀಟದ ಮೇಲೆ ಎಡ್ವರ್ಡನ ಹಕ್ಕು. ಆದರೂ ಹುಕುಮಿನ ಕಾಗದದ ಮೇಲೆ ಬಂದದ್ದು ಈ ಸೋದರಳಿಯನ ಹೆಸರು.

ಸುಳ್ಳು ಕಾಗದದ ಮಾತು ಬಂದಾಗ ನಮಗೆ ಅದೇ ದೇಶದ ಇನ್ನೊಂದು ಕಾಗದ ನೆನಪಾಗದೆ ಇರದು. ಇವೆಲ್ಲಕ್ಕೂ ಹತ್ತು ವರ್ಷ ಮೊದಲು, 1321ರಲ್ಲಿ, ಮಾಹೋಳ ಅಳಿಯನೇ ದೊರೆಯಾಗಿದ್ದಾಗ, ಕುಷ್ಠರೋಗಿಗಳು ಬಾವಿಗಳಿಗೆ ವಿಷ ಹಾಕಿದ್ದಾರೆಂಬ ಸುದ್ದಿ ಹಬ್ಬಿತು. ಹಣ ಕೊಟ್ಟವನು ಗ್ರಾನಡಾದ ಮುಸ್ಲಿಂ ಅರಸ, ನಡುವೆ ಕೆಲಸ ಮಾಡಿದವರು ಯಹೂದಿಗಳು ಎಂಬ ಕಥೆ ಕಟ್ಟಲಾಯಿತು. ಅದಕ್ಕೆ ಪುರಾವೆಯಾಗಿ ಮುಸ್ಲಿಂ ಅರಸರ ಹೆಸರಿನ ಪತ್ರಗಳೂ ಹುಟ್ಟಿಕೊಂಡವು. ರೋಗಿಗಳನ್ನು ಸುಟ್ಟರು, ಉಳಿದವರನ್ನು ಕೂಡಿಹಾಕಿದರು. ಶಿನೋನ್‌ನಲ್ಲಿ ಒಂದೇ ದಿನ 160 ಯಹೂದಿಗಳನ್ನು ಸುಡಲಾಯಿತೆಂದು ಅಂದಿನ ವೃತ್ತಾಂತವೊಂದು ಹೇಳುತ್ತದೆ. ಇಟಲಿಯ ಇತಿಹಾಸಕಾರ ಕಾರ್ಲೋ ಗಿಂಜ್‌ಬರ್ಗ್ 1989ರ ತನ್ನ ಪುಸ್ತಕವೊಂದನ್ನು ಆರಂಭಿಸುವುದೇ ಈ ಘಟನೆಯಿಂದ. ಸರದಾರನ ಆಸ್ತಿಗೆ ಕುತ್ತು ತಂದ ಸುಳ್ಳು ಪತ್ರವನ್ನು ಪರೀಕ್ಷಿಸಲು ನ್ಯಾಯಾಲಯವಿತ್ತು, ಮೊಹರು ನೋಡಬಲ್ಲ ಗುಮಾಸ್ತರಿದ್ದರು. ರೋಗಿಗಳ, ಯಹೂದಿಗಳ, ದೂರದ ಮುಸ್ಲಿಮರ ಮೇಲಿನ ಪತ್ರಕ್ಕೆ ಅಂಥ ಪರೀಕ್ಷೆ ಬೇಕೆನಿಸಲಿಲ್ಲ. ಡ್ರುಅನ್ನನ ಪ್ರಧಾನ ಕಥೆ ಇದಲ್ಲ; ದೂರುವುದಕ್ಕಾಗಿ ಹೇಳುತ್ತಿಲ್ಲ. ವಿಷ ಎಂಬ ಒಂದೇ ಮಾತಿನಿಂದ ಅರಮನೆಯ ಒಬ್ಬ ಹೆಂಗಸನ್ನೂ ಊರಾಚೆಯ ಸಾವಿರಾರು ಜನರನ್ನೂ ಹಿಡಿಯಲು ಬಂದ ಕಾಲ ಅದು ಎಂಬುದನ್ನು ತಿಳಿದು ಮಾಹೋಳ ಅಧ್ಯಾಯಗಳನ್ನು ಓದಿದರೆ ಬೇರೆಯೇ ಕಾಣುತ್ತದೆ.

ಕನ್ನಡಕ್ಕೆ ತರುವವರಿದ್ದರೆ ಏಳನ್ನೂ ತರಬೇಕಿಲ್ಲ. ನಾಲ್ಕನೆಯದು ಮತ್ತು ಆರನೆಯದು ಸಾಕು. ಟೆಲಿವಿಷನ್‌ಗೆ ಎರಡು ಸಲ, 1972 ಮತ್ತು 2005ರಲ್ಲಿ, ಇದನ್ನು ತಂದಾಗಲೂ ಜನ ನೆನಪಿಟ್ಟದ್ದು ಅತ್ತೆ-ಅಳಿಯರ ಮುಖಾಮುಖಿಯನ್ನೇ. ರೋಬೇರ್ 1342ರಲ್ಲಿ ಬ್ರಿಟನಿಯ ವಾನ್ ಪಟ್ಟಣದ ಯುದ್ಧದಲ್ಲಿ ಗಾಯಗೊಂಡು ಸತ್ತ. ಲಂಡನ್ನಿನಲ್ಲಿ ಗೌರವದಿಂದ ಮಣ್ಣು ಮಾಡಿದರು, ಆರು ನೂರು ವರ್ಷ ಕಳೆದು ಒಬ್ಬ ಲೇಖಕ ಅವನಿಗಾಗಿ ಅತ್ತ. ಮೊಹರು ಅಂಟಿಸಿಕೊಟ್ಟ ದಿವ್ಯೋಂಳನ್ನು 1331ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ಜೀವಂತ ಸುಟ್ಟಿದ್ದರು.